ಸೂರಿನ ಮೇಲೆ ನಡುಹಗಲು

ಜೂನ್ ೨೪

ಈ ಊರಿನಲ್ಲಿ ಇದೇ ನನ್ನ ಕೊನೆಯ ಬೇಸಿಗೆ. ಸೆಪ್ಟೆಂಬರ್ ಬಂದ ಕೂಡಲೇ ಸ್ಯಾನ್ ಡಿಯಾಗೋ. ಶಾಲೆಯ ಗೆಳತಿ ಇಟ್ಸೆಲ್ ಅಲ್ಲಿ ಕೋಣೆ ನೋಡಿಟ್ಟಿದ್ದಾಳೆ. ಕಿಟಕಿ ತೆರೆದರೆ ಸಮುದ್ರದ ಗಾಳಿಯಂತೆ. ಇಲ್ಲಿ ಕಿಟಕಿ ತೆರೆದರೆ ಒಲೆಯೊಳಗೆ ತಲೆ ಇಟ್ಟ ಹಾಗೆ. ಅರಿಜೋನಾದ ಬೇರೆ ಊರುಗಳಲ್ಲಾದರೂ ಒಂದೊಂದು ಗುಡ್ಡ, ನಾಲ್ಕು ಮರ ಇವೆ. ನಮ್ಮ ಪಾಲೊ ಸೆಕೊದಲ್ಲಿ ಬಿಸಿಲೊಂದೇ ಹುಲುಸಾಗಿ ಬೆಳೆಯುವುದು.

ಇವತ್ತು ಮಧ್ಯಾಹ್ನ ನಮ್ಮ ಐಸ್ ಗೋಲಾ ಅಂಗಡಿಯ ಕಿಟಕಿಗೆ ಮಿಸೆಸ್ ಪ್ರೂಯಿಟ್ ಬಂದರು. ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದವರು. ಈಗ ಎಪ್ಪತ್ತಾರು ವಯಸ್ಸು. ಇಂದಿಗೂ ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಂಡರನ್ನು ನೋಡುವ ಹಾಗೆಯೇ ಎಲ್ಲರನ್ನೂ ನೋಡುತ್ತಾರೆ.

"ಯಾರೆಲಿ, ವೋಟರ್ ಪಟ್ಟೀಲಿ ನಿನ್ನ ಹೆಸರಿದೆಯೇನೇ?"

"ಇಲ್ಲ ಮಿಸೆಸ್ ಪ್ರೂಯಿಟ್. ನಾನು ಊರು ಬಿಡ್ತಿದೀನಿ."

"ಓಹೋ. ಬಿಸಿಲು ನಿನ್ನನ್ನ ಊರ ಗಡಿವರೆಗೆ ಬಿಟ್ಟು ವಾಪಸ್ ಬರುತ್ತೆ ಅಂದ್ಕೊಂಡ್ಯಾ?"

ಅವರ ಚೀಲದ ತುಂಬ ಕರಪತ್ರ. ನವೆಂಬರಿನ ಚುನಾವಣೆಯಲ್ಲಿ ಊರಿನವರ ಮುಂದೆ ಕೆಲವು ಪ್ರಶ್ನೆಗಳನ್ನೂ ಇಡುತ್ತಾರೆ, ಹೌದು ಅಥವಾ ಇಲ್ಲ ಎನ್ನಬೇಕು. ಅವರದು ನಾಲ್ಕನೆಯ ಪ್ರಶ್ನೆ. ಫ್ಯಾರನ್‌ಹೀಟ್ ನೂರೈದು ದಾಟಿದ ದಿನ ನಡುಹಗಲಿನಲ್ಲಿ ಹೊರಗಿನ ಕೆಲಸ ನಿಲ್ಲಬೇಕು. ನಿಂತ ಹೊತ್ತಿನ ಅರ್ಧ ಕೂಲಿಯನ್ನು ಊರಿನ ನಿಧಿ ಕೊಡಬೇಕು. ಬಿಸಿಲಿಗೆ ಬಿದ್ದವರಿಗೆ ಎದ್ದು ನಿಲ್ಲುವ ತನಕ ಅದೇ ಆಸರೆ. ಕೇಳುವುದಕ್ಕೆ ಚೆನ್ನಾಗಿದೆ. ಕೇಳುವುದಕ್ಕೆ ಚೆನ್ನಾಗಿರುವುದು ಯಾವುದು ಈ ಊರಿನಲ್ಲಿ ಆಗಿದೆ?

ಹುಣಸೆ ಪಾಕದ ಗೋಲಾ ಕೊಟ್ಟು ಕಳಿಸಿದೆ. ಕರಪತ್ರವನ್ನು ಕಿಟಕಿಯ ಅಂಚಿನಲ್ಲೇ ಬಿಟ್ಟು ಹೋದರು. ಅದರ ಮೇಲೆ ಪಾಕದ ಬಾಟಲಿ ಇಟ್ಟೆ, ಜಿಗುಟು ಹರಡುವುದಿಲ್ಲ.

ಜುಲೈ ೩

ಅಣ್ಣ ಫರ್ಮೀನ್ ಕೆಲಸ ಮುಗಿಸಿ ಬರುವಾಗ ಒಂದು ಫಲಕ ಹೊತ್ತು ತಂದ. 'ನಾಲ್ಕಕ್ಕೆ ಇಲ್ಲ ಎನ್ನಿ. ನಮ್ಮ ಕೆಲಸ ಉಳಿಸಿ.' ನಮ್ಮ ಟ್ರೇಲರ್ ಮನೆಯ ಮುಂದೆ ಸುತ್ತಿಗೆಯಿಂದ ಬಡಿದು ನೆಟ್ಟ. ಅವನ ಮೇಸ್ತ್ರಿ ಮಿಸ್ಟರ್ ಗ್ಯಾಡಿಸ್ ಎಲ್ಲ ಹುಡುಗರಿಗೂ ಒಂದೊಂದು ಕೊಟ್ಟಿದ್ದಾರಂತೆ.

"ಬಿಸಿಲಲ್ಲಿ ಬೇಯೋನು ನೀನು. ನೆರಳು ಬೇಡ ಅಂತ ಬೋರ್ಡ್ ಹಾಕೋನೂ ನೀನೇ," ಅಂದೆ.

"ಏ ಕಡ್ಡಿ, ನೀನು ಐಸ್ ಮುಂದೆ ಕೂತು ಮಾತಾಡ್ಬೇಡ. ಇದು ಪಾಸಾದ್ರೆ ಗ್ಯಾಡಿಸ್ ಅರ್ಧ ಜನಾನ ಮನೆಗೆ ಕಳಿಸ್ತಾರೆ. ಮೊದಲು ಹೋಗೋದು ನಾನೇ."

ನಾನು ಸಣಕಲಾಗಿರುವುದರಿಂದ ಅವನ ಬಾಯಲ್ಲಿ ಕಡ್ಡಿ. ಅವನಿಗೆ ಇಪ್ಪತ್ಮೂರು, ನನಗಿಂತ ನಾಲ್ಕು ವರ್ಷ ದೊಡ್ಡವನು. ಹದಿನೆಂಟರಿಂದ ಚಾವಣಿ ಕೆಲಸ. ಮೈ ಡಾಂಬರು ಹಾಳೆಯ ಬಣ್ಣಕ್ಕೆ ತಿರುಗಿದೆ. ಅಮ್ಮ ಮೋಟೆಲಿನಲ್ಲಿ ಹಾಸಿಗೆ ಬದಲಿಸಿ ಬಂದು ಕಾಲು ನೀಡಿ ಕೂತಿದ್ದಳು. "ಇಬ್ರೂ ಬಾಯಿ ಮುಚ್ಕೊಂಡು ಬೀನ್ಸ್ ತಿನ್ನಿ," ಅಂದಳು. ತಿಂದೆವು.

ನನಗೇನು, ಎರಡು ತಿಂಗಳು.

ಜುಲೈ ೧೬

ಫರ್ಮೀನ್ ಬಿದ್ದ. ಆಸ್ಪತ್ರೆಯಲ್ಲಿದ್ದೇವೆ. ಹೆಸರು ಕೇಳಿದರೆ ಅವನಿಗೆ ಹೇಳಲು ಬರುತ್ತಿಲ್ಲ.

ಜುಲೈ ೨೦

ಇವತ್ತು ನನ್ನನ್ನು ಗುರುತಿಸಿದ. "ಕಡ್ಡಿ, ನೀರು," ಅಂದ. ನೀರು ಕೊಡಬಾರದಂತೆ. ಮೈಯೊಳಗಿನ ಸ್ನಾಯು ಕರಗಿ ಮೂತ್ರಪಿಂಡದಲ್ಲಿ ಸಿಕ್ಕಿಕೊಂಡಿದೆ, ಅವೆರಡೂ ಕೆಲಸ ನಿಲ್ಲಿಸಿವೆ, ಯಂತ್ರ ರಕ್ತ ತೊಳೆಯುತ್ತಿದೆ. ಡಾಕ್ಟರು ನನಗಿಂತ ಸ್ವಲ್ಪವೇ ದೊಡ್ಡ ಹುಡುಗಿ. ಈ ಬೇಸಿಗೆಯಲ್ಲಿ ಇದೇ ಥರ ಬಂದವರೆಲ್ಲ ಮೂವತ್ತರೊಳಗಿನವರು ಅಂದಳು. ಮುದುಕರಿಗೆ ಮಾತ್ರ ಬಿಸಿಲು ಬಡಿಯುತ್ತದೆ ಅಂದುಕೊಂಡಿದ್ದೆ.

ನಡೆದದ್ದನ್ನು ಹೇಳಿದವನು ಕೋಡಿ. ಅವನೂ ಅದೇ ತಂಡದವನು, ಫರ್ಮೀನನ ಜೊತೆ ಒಂದೇ ಏಣಿ ಹತ್ತುವವನು. ಗಾಲ್ಫ್ ಮೈದಾನದ ಪಕ್ಕದ ಹೊಸ ಮನೆಯೊಂದರ ಸೂರು. ನೂರಾ ಹದಿನಾರು ಡಿಗ್ರಿ. ಊಟದ ಹೊತ್ತು ದಾಟಿದ ಮೇಲೆ ಫರ್ಮೀನ್ ಒಬ್ಬನೇ ಹಾಡತೊಡಗಿದನಂತೆ. ತಮಾಷೆ ಮಾಡುತ್ತಿದ್ದಾನೆ ಎಂದು ಎಲ್ಲರೂ ನಕ್ಕರಂತೆ. ಆಮೇಲೆ ಮೊಳೆ ಹೊಡೆಯುವ ಯಂತ್ರ ಕೈಜಾರಿತು. ಬೆವರು ಪೂರ್ತಿ ನಿಂತಿತ್ತು, ಚರ್ಮ ಒಣಗಿ ಕಾದಿತ್ತು.

"ನಾನೂ ನಕ್ಕೆ ಯಾರೆಲಿ," ಅಂದ ಕೋಡಿ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

ಗ್ಯಾಡಿಸ್ ಹಣ್ಣಿನ ಬುಟ್ಟಿ ತಂದರು. ನಿಜವಾಗಿಯೂ ನೊಂದಿದ್ದರು, ಕಣ್ಣು ತುಂಬಿತ್ತು. ಆದರೆ ಅಮ್ಮ ವಿಮೆಯ ಮಾತೆತ್ತಿದಾಗ, ಫರ್ಮೀನ್ ತಮ್ಮ ನೌಕರನಲ್ಲ, ಕಾಗದದ ಪ್ರಕಾರ ಅವನೇ ಒಬ್ಬ ಗುತ್ತಿಗೆದಾರ, ತಮ್ಮ ಹುಡುಗರೆಲ್ಲ ಹಾಗೇ, ಅವರಿಗೆ ವಿಮೆ ಇಲ್ಲ ಅಂದರು. ಐದು ವರ್ಷ ಏಣಿ ಹೊತ್ತ ನನ್ನ ಅಣ್ಣ ಗುತ್ತಿಗೆದಾರನಂತೆ! ಬುಟ್ಟಿಯಲ್ಲಿ ಬಾಳೆಹಣ್ಣು, ಕಿತ್ತಳೆ. ಮೂತ್ರಪಿಂಡ ಕೆಟ್ಟವನು ಇನ್ನು ಎರಡನ್ನೂ ಮುಟ್ಟಬಾರದು ಎಂದು ನರ್ಸ್ ತೆಗೆದಿಟ್ಟರು.

ಆಗಸ್ಟ್ ೨

ರಾಜ್ಯದ ಆರೋಗ್ಯ ನೆರವಿನ ಕಾರ್ಡ್ ಸಿಕ್ಕಿತು. ಇಷ್ಟು ದಿನದ ಆಸ್ಪತ್ರೆ, ಇನ್ನು ಮುಂದಿನ ಯಂತ್ರ, ಎಲ್ಲ ಅದರ ಮೇಲೆ. ಅಮ್ಮ ಅದನ್ನು ಮಾತೆ ಗ್ವಾಡಲೂಪೆಯ ಪಟದ ಕೆಳಗೆ ಇಟ್ಟು ಮೊಂಬತ್ತಿ ಹಚ್ಚಿದಳು.

ಮಿಸೆಸ್ ಪ್ರೂಯಿಟ್ ಕೋಳಿ ಸೂಪು ತಂದಿದ್ದರು. ಅಮ್ಮ ಕಾರ್ಡ್ ತೋರಿಸಿ, "ದೇವರು ದೊಡ್ಡವನು," ಅಂದಳು.

"ದೇವರು ದೊಡ್ಡವನೇ ಒಫೀಲಿಯಾ," ಅಂದರು ಅವರು. "ಆದ್ರೆ ಇದಕ್ಕೆ ನಾವೂ ಸ್ವಲ್ಪ ಓಡಾಡಿದೀವಿ. ಇವಳು ಹುಟ್ಟೋಕೆ ಮುಂಚೆ. ಬಡವರಿಗೆಲ್ಲ ಈ ಕಾರ್ಡ್ ಸಿಗ್ಬೇಕಾ ಬೇಡವಾ ಅಂತ ಇಡೀ ರಾಜ್ಯದ ಜನಾನ ಕೇಳಿದ್ರು, ಹೀಗೇ ನವೆಂಬರಲ್ಲಿ. ಬಸ್ಸು ನಿಲ್ಸಿ ಮಧ್ಯಾಹ್ನ ಹೋಗಿ ಹೌದು ಅಂತ ಹಾಕಿ ಬಂದೆ."

"ಆಗ ನಿಮಗೆ ಅದು ಬೇಕಿತ್ತಾ?" ಎಂದು ಕೇಳಿದೆ.

"ನನಗ್ಯಾಕೆ? ಶಾಲೆಯವರ ವಿಮೆ ಇತ್ತು. ಯಾರಿಗೋ ಬೇಕಿತ್ತು. ಯಾರಿಗೆ ಅಂತ ಇವತ್ತು ಗೊತ್ತಾಯ್ತು, ನೋಡು."

ಹೋಗುವಾಗ ಅವರ ಕೈಯಿಂದ ಒಂದು ಕಟ್ಟು ಕರಪತ್ರ ತೆಗೆದುಕೊಂಡೆ. ಅಂಗಡಿಯಲ್ಲಿ ಹೇಗೂ ಮಧ್ಯಾಹ್ನ ಖಾಲಿ ಇರುತ್ತೇನೆ.

ಆಗಸ್ಟ್ ೧೫

ಫರ್ಮೀನನನ್ನು ಮನೆಗೆ ಕರೆತಂದೆವು. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕರೆದೊಯ್ಯಬೇಕು. ಕಾರಿನಿಂದ ಇಳಿದವನು ಮೊದಲು ನೋಡಿದ್ದು ಆ ಫಲಕವನ್ನು. ಕೀಳಲೇ ಎಂದು ಕೇಳಿದೆ.

"ಬಿಡು. ಗ್ಯಾಡಿಸ್ ನೋಡಿದ್ರೆ ಏನಂದ್ಕೋತಾರೆ. ಮತ್ತೆ ಕೆಲಸಕ್ಕೆ ಹೋಗ್ಬೇಕಲ್ಲ."

ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಅವನಿಗಿನ್ನೂ ಅರ್ಥವಾಗಿಲ್ಲ, ಅಥವಾ ಅರ್ಥವಾಗಿದೆ.

ಸಂಜೆ ಮಿಸೆಸ್ ಪ್ರೂಯಿಟ್ ಬಂದು ಅವನ ಫೋಟೋ ಕೇಳಿದರು. ಕರಪತ್ರದ ಮೇಲೆ ಹಾಕಿದರೆ ಜನಕ್ಕೆ ನಾಟುತ್ತದೆ ಎಂದು. ಫರ್ಮೀನ್ ಗೋಡೆಯ ಕಡೆ ತಿರುಗಿ ಮಲಗಿದ.

"ನಾನು ಯಾರ ಪೋಸ್ಟರೂ ಅಲ್ಲ. ನನ್ನ ಹೆಸರು ಎಲ್ಲೂ ಎತ್ಬೇಡ ಕಡ್ಡಿ. ಆಣೆ ಮಾಡು."

ಮಾಡಿದೆ. ಅವರ ಮುಖ ಇಳಿದುಹೋಯಿತು. ಬಾಗಿಲವರೆಗೂ ಬಿಡಲು ಹೋದಾಗ, "ಹಾಗಾದ್ರೆ ಕಷ್ಟ ಆಗುತ್ತೆ," ಅಂದರು. "ಆಗ್ಲಿ," ಅಂದೆ.

ಆಗಸ್ಟ್ ೨೯

ಬೀದಿ ಬೀದಿ ಅಲೆದು ಕಾಲಿಗೆ ಬೊಬ್ಬೆ ಬಂದಿದೆ. ನಮ್ಮ ವಯಸ್ಸಿನವರ ಬಾಗಿಲು ತಟ್ಟುವುದು ಎಲ್ಲಕ್ಕಿಂತ ಕಷ್ಟ. ಮುದುಕರು ಒಳಗೆ ಕರೆದು ಲಿಂಬೆ ಪಾನಕ ಕೊಟ್ಟು ಜಗಳವಾಡುತ್ತಾರೆ. ನಮ್ಮವರು ಬಾಗಿಲ ಸಂದಿಯಿಂದಲೇ ಫೋನು ನೋಡುತ್ತ "ಆಯ್ತು ಆಯ್ತು" ಅಂದು ಮುಚ್ಚುತ್ತಾರೆ. ಟೈರ್ ಅಂಗಡಿಯ ಒಬ್ಬ, "ಪ್ರಳಯ ಹೇಗೂ ಆಗುತ್ತೆ, ವೋಟ್ ಬೇರೆ ಯಾಕೆ ದಂಡ?" ಅಂದ. ಜೂನ್‌ನಲ್ಲಿ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಆದರೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಕೋಡಿಯ ಮನೆಗೂ ಹೋದೆ. ಮೆಟ್ಟಿಲ ಮೇಲೆ ಕೂತಿದ್ದ.

"ವೋಟ್ ಹಾಕಿದ್ರೆ ಫರ್ಮೀನನ ಕಿಡ್ನಿ ಸರಿಹೋಗುತ್ತಾ?"

"ಹೋಗಲ್ಲ."

"ಬಿಸಿಲು ಕಡಿಮೆ ಆಗುತ್ತಾ?"

"ನಾಲ್ಕನೇ ಪ್ರಶ್ನೆಯಿಂದ ಆಗಲ್ಲ. ಅದಕ್ಕೆ ಮೇಲೆ ದೊಡ್ಡ ದೊಡ್ಡ ಕುರ್ಚಿಗೆ ಯಾರನ್ನ ಕೂರಿಸ್ತೀವಿ ಅಂತ ನೋಡ್ಬೇಕು. ಅದೂ ಅದೇ ವೋಟಿನ ಕಾಗದದಲ್ಲೇ ಇದೆ. ಆದ್ರೆ ಕೋಡಿ, ಗಾಲ್ಫ್ ಮೈದಾನದ ಬಸ್‌ಸ್ಟಾಪಿಗೆ ನೆರಳಿದೆ, ನಮ್ಮದಕ್ಕೆ ಬರೀ ಕಂಬ. ಯಾಕೆ ಹೇಳು? ಅಲ್ಲಿನ ಮುದುಕರು ಒಬ್ರೂ ವೋಟ್ ತಪ್ಪಿಸಲ್ಲ. ಅವರು ಇನ್ನೆಷ್ಟು ಬೇಸಿಗೆ ನೋಡ್ತಾರೆ? ನೀನು, ನಾನು ಇನ್ನೂ ಐವತ್ತು ನೋಡ್ಬೇಕು. ಒಂದಕ್ಕಿಂತ ಒಂದು ಜೋರು."

ಅವನು ಎದ್ದು ಒಳಗೆ ಹೋದ. ಮುಗಿಯಿತು ಅಂದುಕೊಂಡೆ. ಎರಡು ಡಬ್ಬಿ ಸೋಡಾ ತಂದು ಒಂದನ್ನು ನನಗೆ ಕೊಟ್ಟ. "ಸೋಮವಾರ ಬಾ. ಆ ಕಡೆ ಬೀದಿ ಹುಡುಗ್ರು ನನಗೆ ಗೊತ್ತು. ನೀನು ಒಬ್ಳೇ ಹೋದ್ರೆ ನಾಯಿ ಬಿಡ್ತಾರೆ."

ಸೆಪ್ಟೆಂಬರ್ ೯

ಇಟ್ಸೆಲ್ ಫೋನ್ ಮಾಡಿದ್ದಳು. ಕೋಣೆಯನ್ನು ಬೇರೆಯವರಿಗೆ ಕೊಟ್ಟಳಂತೆ, ನನ್ನ ಸುದ್ದಿಯೇ ಇಲ್ಲ ಎಂದು. ಹೌದಲ್ಲ, ಹೇಳುವುದೇ ಮರೆತಿತ್ತು. ನಾಳೆ ಟೈರ್ ಅಂಗಡಿಗೆ ಮತ್ತೊಮ್ಮೆ ಹೋಗಬೇಕು.

ಸೆಪ್ಟೆಂಬರ್ ೨೪

ಊರಿನ ಸಭಾಭವನದಲ್ಲಿ ನಾಲ್ಕನೆಯ ಪ್ರಶ್ನೆಯ ಚರ್ಚೆ ಇತ್ತು. ಮೊದಲು ಗ್ಯಾಡಿಸ್ ಮಾತಾಡಿದರು. ಚೆನ್ನಾಗಿ ಮಾತಾಡುತ್ತಾರೆ. ತಮ್ಮ ಅಪ್ಪನೂ ಇದೇ ಬಿಸಿಲಲ್ಲಿ ಸೂರು ಹೊದಿಸಿದವನು, ಕೆಲಸ ಬಲ್ಲವನಿಗೆ ಕಾನೂನು ಹೇಳಿಕೊಡಬೇಕಿಲ್ಲ, ಹುಡುಗರು ತಮಗೆ ಮಕ್ಕಳಿದ್ದ ಹಾಗೆ. ಕೊನೆಗೆ ಅಂದರು: "ಈ ಬೇಸಿಗೇಲಿ ನನ್ನ ಒಬ್ಬ ನೌಕರನಿಗೂ ಬಿಸಿಲಿಂದ ಏನೂ ಆಗಿಲ್ಲ. ದಾಖಲೆ ನೋಡಿ ಬೇಕಾದ್ರೆ."

ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ನೌಕರನಿಗೆ! ಸುಳ್ಳೂ ಅಲ್ಲ, ನಿಜವೂ ಅಲ್ಲ. ನಾನು ಎದ್ದೆ. ಎದ್ದ ಮೇಲೆ ಆಣೆ ನೆನಪಾಯಿತು. ಹೆಸರು ಎತ್ತುವಂತಿಲ್ಲ. ಮೈಕಿನ ಮುಂದೆ ನಿಂತವಳಿಗೆ ಹೇಳಲು ಇದ್ದ ಒಂದೇ ಮಾತು ಬಾಯಲ್ಲೇ ಉಳಿಯಿತು. ಯಾರೋ ಕೆಮ್ಮಿದರು. ನನಗೆ ಬೇರೆ ಏನು ಗೊತ್ತು? ಐಸ್ ಗೋಲಾ ಗೊತ್ತು. ಅದನ್ನೇ ಹೇಳಿದೆ.

"ನಾನು ಗೋಲಾ ಅಂಗಡೀಲಿ ಇರ್ತೀನಿ. ಮಧ್ಯಾಹ್ನ ಕೆಲಸದವರು ಬರ್ತಾರೆ. ಅವರು ಗೋಲಾ ತಿನ್ನಲ್ಲ. ಮೊದಲು ಕುತ್ತಿಗೆಗೆ ಒತ್ಕೋತಾರೆ, ಆಮೇಲೆ ಕಂಕುಳಿಗೆ. ಅರ್ಧ ಕರಗಿದ ಮೇಲೆ ಉಳಿದದ್ದನ್ನ ಕುಡೀತಾರೆ. ಈ ವರ್ಷ ಇಬ್ರು ನನ್ನ ಕಿಟಕಿ ಹತ್ರಾನೇ ವಾಂತಿ ಮಾಡ್ಕೊಂಡ್ರು. ಮೇಸ್ತ್ರಿಗೆ ಹೇಳ್ಬೇಡ ಅಂದ್ರು. ಹೇಳಲಿಲ್ಲ. ಅವರೆಲ್ಲ ನನ್ನ ವಯಸ್ಸಿನವ್ರು. ನನ್ನ ಜೊತೆ ಬಸ್ಸಲ್ಲಿ ಬಂದವ್ರು."

ಅಷ್ಟೇ. ಕೂರಲು ಹೊರಟೆ. ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಕೋಡಿ.

"ಮಿಸ್ಟರ್ ಗ್ಯಾಡಿಸ್, ಜುಲೈಯಲ್ಲಿ ಒಬ್ಬ ಬಿದ್ನಲ್ಲ? ನಾನೂ ನೀವೂ ಸೇರಿ ಏಣಿಯಿಂದ ಇಳಿಸಿದ್ವಲ್ಲ? ಅವನು ನೌಕರ ಅಲ್ಲ ಅಂದ್ರೆ ನಾನೂ ಅಲ್ಲ. ಹಾಗಾದ್ರೆ ನಿಮ್ಮ ನೌಕರರು ಯಾರು ಸಾರ್? ಒಬ್ರನ್ನ ತೋರ್ಸಿ."

ಗ್ಯಾಡಿಸ್ ಅವನ ಕಡೆ ನೋಡಲಿಲ್ಲ. ಲೋಟದ ನೀರು ಕುಡಿದರು.

ಹೊರಗೆ ಬಂದ ಮೇಲೆ ಅಮ್ಮ ಕಾರಿನಲ್ಲಿ ಅಂದಳು: "ಚಿಕ್ಕವಳಿದ್ದಾಗ ಪಾದ್ರಿ ನಿನ್ನ ಹೆಸರು ಕೇಳಿದ್ರೂ ನನ್ನ ಲಂಗ ಹಿಡ್ಕೊಂಡು ಅಳ್ತಿದ್ದೆ ನೀನು." ಯಾಕೆ ಹಾಗೆ ಅಂದಳೋ. ನನಗೆ ಹೊಟ್ಟೆ ಹಸಿದಿತ್ತು.

ಸೆಪ್ಟೆಂಬರ್ ೨೬

ಕೋಡಿಯನ್ನು ಕೆಲಸದಿಂದ ತೆಗೆದರು. ತೆಗೆದರು ಅನ್ನುವ ಹಾಗೂ ಇಲ್ಲ. ಬೆಳಿಗ್ಗೆ ಕರೆಯುವ ಫೋನು ಬರಲಿಲ್ಲ, ಅಷ್ಟೇ.

ಅವನೇ ಬಂದು ಫರ್ಮೀನನ ಮುಂದೆ ಕೂತು ಹೇಳಿದ. ನಾನು ಅಡುಗೆ ಕಟ್ಟೆಯ ಹಿಂದೆ ಟೋರ್ಟಿಯಾ ರೊಟ್ಟಿ ಕಾಯಿಸುತ್ತಿದ್ದೆ.

"ನನ್ನ ಹೆಸರು ಎತ್ಬೇಡಿ ಅಂದಿದ್ದೆ," ಅಂದ ಫರ್ಮೀನ್.

"ಎತ್ಲಿಲ್ಲ. ಒಬ್ಬ ಅಂದೆ."

"ಬುದ್ಧಿಗೇಡಿ. ಈಗ ಏನ್ ತಿಂತೀಯ?"

"ನಿನ್ನ ತಂಗಿ ಮಾಡೋ ಟೋರ್ಟಿಯಾ. ನೀನು ಹೇಗೂ ಜಾಸ್ತಿ ತಿನ್ನೋ ಹಾಗಿಲ್ವಲ್ಲ."

ಫರ್ಮೀನ್ ನಗಲಿಲ್ಲ. ಎದ್ದ. ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ ಮೂರು ಮೆಟ್ಟಿಲು ಇಳಿದ. ಹಿಂದೆ ಹೋಗಲು ಹೊರಟ ನನ್ನನ್ನು ಕೋಡಿ ತಡೆದ. ಫರ್ಮೀನ್ ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅವನೇ ಬಡಿದದ್ದು, ಗಟ್ಟಿಯಾಗಿ ಕೂತಿತ್ತು. ಎಳೆದ, ನಿಂತು ಉಸಿರು ತೆಗೆದುಕೊಂಡ, ಮತ್ತೆ ಎಳೆದ. ಬರಲಿಲ್ಲ. ಕೊನೆಗೆ ಕಾಲಿನಿಂದ ತುಳಿದು ಅದನ್ನು ನೆಲಕ್ಕೆ ಮಲಗಿಸಿ ಒಳಗೆ ಬಂದ. ಮುಖವೆಲ್ಲ ಬೂದಿ ಬಣ್ಣ.

"ಏ ಕಡ್ಡಿ, ನಾನು ವೋಟರ್ ಪಟ್ಟೀಲಿ ಇದೀನೋ ಇಲ್ವೋ?"

ಇರಲಿಲ್ಲ. ಹದಿನೆಂಟು ತುಂಬಿದಾಗಿನಿಂದ ಇರಲಿಲ್ಲ. ಗಡುವು ಮುಗಿಯಲು ಇನ್ನೂ ಒಂದು ವಾರ ಇತ್ತು. ಮೇಜಿನ ಮೇಲೆ ಟೋರ್ಟಿಯಾ ತಟ್ಟೆ ಸರಿಸಿ, ನನ್ನ ಫೋನಿನಲ್ಲೇ ಮೂವರೂ ಹೆಸರು ಬರೆಸಿದೆವು. ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೂ ಅಲ್ಲಿಯವರೆಗೆ ಬರೆಸಿರಲಿಲ್ಲ! ಕೋಡಿ ನಕ್ಕು ನಕ್ಕು ಕೆಮ್ಮಿದ. ಮಿಸೆಸ್ ಪ್ರೂಯಿಟ್‌ಗೆ ಈ ಜನ್ಮದಲ್ಲಿ ಹೇಳುವುದಿಲ್ಲ.

ಅಕ್ಟೋಬರ್ ೧೮

ಬರೆಯಲು ಪುರುಸೊತ್ತಿಲ್ಲ. ಟೈರ್ ಅಂಗಡಿಯವನು ಹೌದು ಅಂದ. ಅವನ ತಂಗಿಯೂ.

ನವೆಂಬರ್ ೩

ಇವತ್ತು ಮತದಾನ. ಫರ್ಮೀನನಿಗೆ ಯಂತ್ರದ ದಿನವೂ ಇವತ್ತೇ. ಅದು ಮುಗಿದ ಮೇಲೆ ಅವನು ಒದ್ದೆ ಬಟ್ಟೆಯಂತಾಗುತ್ತಾನೆ. ಮನೆಗೆ ಹೋಗೋಣ ಅಂದೆ. "ಸುಮ್ನೆ ಗಾಡಿ ಓಡ್ಸು," ಅಂದ.

ಗ್ರಂಥಾಲಯದ ಹೊರಗೆ ಸಾಲು ಉದ್ದವಿತ್ತು. ಅರ್ಧಕ್ಕರ್ಧ ನಮ್ಮ ಬೀದಿಗಳ ಮುಖಗಳೇ. ಟೈರ್ ಅಂಗಡಿಯ ಗ್ರೀಸ್ ಕೈ, ಹೋಟೆಲಿನ ಏಪ್ರನ್, ಸೊಂಟದ ಮೇಲೆ ಕೂಸು. ಸಾಲಿನಲ್ಲಿದ್ದವನೊಬ್ಬ ಫರ್ಮೀನನಿಗೆ ಮುಂದೆ ಹೋಗಲು ಹೇಳಿದ. ಅವನು ಒಪ್ಪಲಿಲ್ಲ. ಮಿಸೆಸ್ ಪ್ರೂಯಿಟ್ ಮಡಿಸುವ ಕುರ್ಚಿ ತಂದು ಕೊಟ್ಟರು. ಸಾಲು ಸರಿದಂತೆ ಕುರ್ಚಿಯನ್ನೂ ಸರಿಸುತ್ತ ಬಂದೆವು.

ಕೇಳಬಾರದಿತ್ತು, ಆದರೂ ಕೇಳಿದೆ. "ಇದು ಪಾಸಾದ್ರೂ ಈಗಾಗಲೇ ಬಿದ್ದವರಿಗೆ ದುಡ್ಡು ಸಿಗಲ್ಲ ಫರ್ಮೀನ್. ಮುಂದಿನ ವರ್ಷದಿಂದ ಮಾತ್ರ. ಗೊತ್ತಲ್ವಾ?"

"ಓದಿದೀನಿ ಕಣೇ. ನನಗೂ ಅಕ್ಷರ ಬರುತ್ತೆ."

"ಮತ್ತೆ..."

"ಮತ್ತೇನು ಮತ್ತೆ? ಆ ಕಾರ್ಡು ನನಗೆ ಕೊಟ್ಟೋರಿಗೆ ನನ್ನ ಪರಿಚಯ ಇತ್ತಾ?" ನನ್ನ ಭುಜ ಹಿಡಿದು ಎದ್ದ. "ಕುರ್ಚಿ ಸರ್ಸು. ಮುಂದೆ ಜಾಗ ಆಯ್ತು."

ನವೆಂಬರ್ ೧೨

ಈ ರಾಜ್ಯದಲ್ಲಿ ಮತ ಎಣಿಸುವುದೆಂದರೆ ಕಳ್ಳಿ ಗಿಡ ಬೆಳೆದ ಹಾಗೆ. ಮೊದಲ ದಿನ ಹಿಂದಿದ್ದೆವು. ಎರಡನೆಯ ದಿನ ಇನ್ನೂ ಹಿಂದೆ. ಅಮ್ಮ ಫೋನು ಕಸಿದು ಅಕ್ಕಿ ಡಬ್ಬದಲ್ಲಿ ಹಾಕಿಟ್ಟಳು. ಕೊನೆಯ ದಿನ ತಂದು ಹಾಕಿದ ಮತಗಳನ್ನು ಕೊನೆಗೆ ಎಣಿಸುತ್ತಾರೆ, ಯುವಕರು ಯಾವಾಗಲೂ ಕೊನೆಯ ದಿನವೇ ಏಳುವುದು, ತಾಳ್ಮೆ ಇರಲಿ, ಎಂದರು ಮಿಸೆಸ್ ಪ್ರೂಯಿಟ್.

ಇವತ್ತು ಮಧ್ಯಾಹ್ನ ಗೆದ್ದೆವು. ಕೂದಲೆಳೆಯಷ್ಟರಲ್ಲಿ.

ಕೋಡಿ ಅಂಗಡಿ ಮುಂದೆ ಕುಣಿದ. ಫರ್ಮೀನನಿಗೆ ಹೇಳಿದಾಗ ತಲೆಯಾಡಿಸಿ, "ಸರಿ. ಈಗ ಅದನ್ನ ಸರಿಯಾಗಿ ಮಾಡ್ತಾರಾ ನೋಡ್ಬೇಕು," ಅಂದ. ಪ್ರತಿ ತಿಂಗಳ ಮೊದಲ ಮಂಗಳವಾರ ಊರಿನ ಸಭೆ ಇರುತ್ತದಂತೆ, ಯಾರು ಬೇಕಾದರೂ ಹೋಗಿ ಕೂರಬಹುದಂತೆ. ಡಿಸೆಂಬರಿನದಕ್ಕೆ ಹೋಗುತ್ತೇವೆ.

ಜೂನ್ ೧೭

ಈ ವರ್ಷ ಮೊದಲ ಬಾರಿ ನೂರೈದು ದಾಟಿತು. ಸಭಾಭವನದ ಸೈರನ್ ಹನ್ನೆರಡಕ್ಕೆ ಕೂಗಿತು. ಫರ್ಮೀನನನ್ನು ಯಂತ್ರದಿಂದ ಕರೆತರುತ್ತಿದ್ದೆ. ದಾರಿಯುದ್ದಕ್ಕೂ ಏಣಿಗಳ ಮೇಲಿಂದ ಜನ ಇಳಿಯುತ್ತಿದ್ದರು.

ಅಂಗಡಿಯ ಹೊಸ ಚಪ್ಪರದಡಿ ಚಾವಣಿಯವರ ಒಂದು ತಂಡ ಕಾಲು ಚಾಚಿ ಕೂತಿತ್ತು. ಎಲ್ಲರೂ ಬೇರೆ ಊರಿನವರು, ನಮ್ಮ ಪರಿಚಯವಿಲ್ಲ. ಗಡ್ಡದವನೊಬ್ಬ ಬಾಯಿ ತುಂಬ ಬೈಯುತ್ತಿದ್ದ.

"ಇದೆಂಥಾ ಊರಪ್ಪ! ನಡುಹಗಲಲ್ಲಿ ಗಂಡಸ್ರನ್ನ ಮಕ್ಕಳ ಥರ ಮಲಗಿಸ್ತಾರೆ. ಯಾರೋ ಕೆಲಸ ಇಲ್ದಿರೋರು ಕೂತು ಮಾಡಿರೋ ಕಾನೂನು."

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಬಾಯಿ ತೆರೆದೆ. ಫರ್ಮೀನ್ ಹಿಂದಿನ ಸ್ಟೂಲಿನಿಂದ ನನ್ನ ಅಂಗಿ ಎಳೆದ.

"ಸುಮ್ನಿರು. ನಿಜ ಹೇಳ್ತಿದಾನೆ, ವೋಟ್ ಹಾಕಿದಾಗ ನನಗೆ ಕೆಲಸ ಇರ್ಲಿಲ್ಲ."

ಅಂದು ನಕ್ಕ. ಹೊಟ್ಟೆಯಿಂದ ಬಂದ ನಗು. ಕಳೆದ ಜುಲೈಯಿಂದ ಅದನ್ನು ನಾನು ಕೇಳಿರಲಿಲ್ಲ. ಗಡ್ಡದವನು ತಿರುಗಿ ನೋಡಿ, ಏನು ತಮಾಷೆ ಎಂದು ತಿಳಿಯದೆ, ಗೋಲಾದ ಲೋಟವನ್ನು ಬಾಯಿಗಿಟ್ಟು ನಿಧಾನವಾಗಿ ತಿನ್ನತೊಡಗಿದ.